ಸಾಲೆಲ್ಲ ಸರಿ, ಎಡವಟ್ಟು ಕಟ್‌ನಲ್ಲಿ

ನನ್ನ ಕೆಲಸ ಸ್ಕ್ರಿಪ್ಟ್ ರಿವ್ಯೂ. ಡಾಕ್ಯುಮೆಂಟರಿಯ ರಫ್ ಕಟ್, ಅಂದರೆ ಶಾಟ್‌ಗಳನ್ನು ಮೊದಲ ಸಲ ಜೋಡಿಸಿದ ಕಚ್ಚಾ ರೂಪ, ಬಂದ ಮೇಲೆ ಅದರಲ್ಲಿ ಹೇಳಿದ್ದು ಸರಿ ಇದೆಯಾ ಅಂತ ನೋಡುವುದು. ಆರೋಗ್ಯದ ವಿಷಯಗಳೇ ಜಾಸ್ತಿ ಬರುತ್ತವೆ, ಅದರಲ್ಲೂ ಸಾಂಕ್ರಾಮಿಕ ರೋಗಗಳ ಕಥೆಗಳು. ಹೊಸದಾಗಿ ಸೇರಿದವರು ನಿರೂಪಣೆಯ ಪ್ರಿಂಟ್ ಹಿಡಿದು ಒಂದೊಂದು ಸಾಲಿಗೂ ಟಿಕ್ ಹಾಕುತ್ತಾ ಹೋಗುತ್ತಾರೆ. ಇಸವಿ ಸರಿ, ಅಂಕಿ ಸರಿ, ಊರು ಸರಿ, ಮುಗೀತು. ಸ್ವಲ್ಪ ಓದಿಕೊಂಡವರಾದರೆ ಅರಿಸ್ಟಾಟಲ್ ಹೇಳಿದ ಮೂರು ಖಾನೆ ಹಾಕಿಕೊಳ್ಳುತ್ತಾರೆ: ಮಾತಾಡುವವರ ಮೇಲಿನ ನಂಬಿಕೆ, ಕೇಳುವವರ ಭಾವನೆ, ತರ್ಕ. ಡಾಕ್ಟರ್ ಬಂದರೆ ಮೊದಲ ಖಾನೆ, ಅಳುವ ತಾಯಿ ಬಂದರೆ ಎರಡನೆಯದು, ಗ್ರಾಫ್ ಬಂದರೆ ಮೂರನೆಯದು. ತಪ್ಪೇನಿಲ್ಲ. ಆದರೆ ಮೂರೂ ಖಾನೆ ತುಂಬಿದ ಮೇಲೂ ಆ ಚಿತ್ರ ನೋಡುವವರಿಗೆ ಏನನ್ನು ನಂಬಿಸಿತು ಅನ್ನುವುದು ಗೊತ್ತಾಗಿರುವುದಿಲ್ಲ.

ಚಿತ್ರದ ವಾದ ಹೆಚ್ಚಾಗಿ ಕೂತಿರುವುದು ಎರಡು ಶಾಟ್ ಸೇರುವ ಜಾಗದಲ್ಲಿ, ಅಂದರೆ ಕಟ್‌ನಲ್ಲಿ. ಅಲ್ಲಿಗೆ ಯಾರೂ ಟಿಕ್ ಹಾಕುವುದಿಲ್ಲ.

ನಮ್ಮಲ್ಲಿಗೆ ಬಂದ ಒಂದು ರಫ್ ಕಟ್ ಹೀಗೆ ಶುರುವಾಗುತ್ತಿತ್ತು. ಜನ ಕಿಕ್ಕಿರಿದ ಮಾರುಕಟ್ಟೆ, ಪಂಜರದಲ್ಲಿ ಪ್ರಾಣಿಗಳು, ಮರದ ದಿಮ್ಮಿಯ ಮೇಲೆ ಕತ್ತಿ ಬೀಳುವ ಕ್ಲೋಸಪ್. ಅದರ ಮೇಲೆ ವಾಯ್ಸ್ ಓವರ್: "ಈ ವೈರಸ್ ಎಲ್ಲಿಂದ ಬಂತು ಅನ್ನುವುದು ಇನ್ನೂ ಗೊತ್ತಾಗಿಲ್ಲ." ಮುಂದಿನ ಶಾಟ್‌ನಲ್ಲಿ ಆಸ್ಪತ್ರೆಯ ಮಂಚ, ಅದರ ಮೇಲೊಂದು ಮಗು. ಕತ್ತಿ ಬಿದ್ದ ತಾಳಕ್ಕೆ ಸರಿಯಾಗಿ ಮಾನಿಟರ್‌ನ ಬೀಪ್ ಶುರುವಾಗುತ್ತದೆ. ನಿರೂಪಣೆಯ ಸಾಲು ನೂರಕ್ಕೆ ನೂರು ಸರಿ. ಮಾರುಕಟ್ಟೆ ಅಸಲಿ, ಮಗುವೂ ಅಸಲಿ ರೋಗಿಯೇ. ಆದರೆ ನೋಡಿ ಎದ್ದು ಬಂದವರನ್ನು ರೋಗ ಎಲ್ಲಿಂದ ಬಂತು ಅಂತ ಕೇಳಿದರೆ ಮಾರುಕಟ್ಟೆಯಿಂದ ಅಂತಲೇ ಹೇಳುತ್ತಾರೆ. ಫುಟೇಜ್‌ನ ದಾಖಲೆ ತೆಗೆಸಿ ನೋಡಿದರೆ ಆ ಮಾರುಕಟ್ಟೆಯನ್ನು ಶೂಟ್ ಮಾಡಿದ್ದು ರೋಗ ಕಾಣಿಸಿಕೊಳ್ಳುವುದಕ್ಕೆ ಎಷ್ಟೋ ಮೊದಲು, ಅದೂ ಬೇರೆ ಊರಿನಲ್ಲಿ.

ಎಡಿಟರ್ ಮೇಡಂ ಹತ್ತಿರ ಈ ಮಾತು ತೆಗೆದಾಗ ಅವರು, "ನಾವೆಲ್ಲಿ ಸುಳ್ಳು ಹೇಳಿದ್ವಿ ಸರ್? ಗೊತ್ತಿಲ್ಲ ಅಂತಾನೇ ಹೇಳಿದೀವಲ್ಲ" ಅಂದರು. ಹೌದು, ಬಾಯಲ್ಲಿ ಗೊತ್ತಿಲ್ಲ ಅಂದಿದ್ದಾರೆ, ಕೈಯಲ್ಲಿ ಬೊಟ್ಟು ಮಾಡಿ ತೋರಿಸಿದ್ದಾರೆ. ನೋಡುವವರು ಬೊಟ್ಟನ್ನೇ ನಂಬುತ್ತಾರೆ.

ಹಾಗಾಗಿ ಈಗ ನಾನು ಒಂದು ಚಿತ್ರವನ್ನು ಎರಡು ಸಲ ಅರ್ಧರ್ಧ ನೋಡುತ್ತೇನೆ. ಒಂದು ಸಲ ಸೌಂಡ್ ಪೂರ್ತಿ ತೆಗೆದು, ಇನ್ನೊಂದು ಸಲ ಸ್ಕ್ರೀನ್ ಆಫ್ ಮಾಡಿ ಬರೀ ಕೇಳಿಸಿಕೊಂಡು. ಬರೀ ಚಿತ್ರ ಒಂದು ಕಥೆ ಹೇಳಿ ಬರೀ ಮಾತು ಇನ್ನೊಂದು ಹೇಳಿದರೆ ಅಲ್ಲಿ ಟೈಮ್‌ಕೋಡ್ (ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಅಂತ) ಬರೆದುಕೊಳ್ಳುತ್ತೇನೆ. ಹೊಸಬರಿಗೆ ಮೊದಲು ಕಲಿಸುವುದೂ ಇದನ್ನೇ. ಬೇಜಾರಿನ ಕೆಲಸ, ನಿಜ. ಆದರೆ ಸಂಗೀತ ತೆಗೆದ ಕೂಡಲೇ ಅರ್ಧ ಭಯ ಇಳಿದುಹೋಗುತ್ತದೆ. ಉಳಿದ ಅರ್ಧ ಎಲ್ಲಿಂದ ಬರುತ್ತಿದೆ ಅಂತ ಆಮೇಲೆ ಹುಡುಕಬಹುದು.

ಕಟ್ ಮಾಡುವ ದೊಡ್ಡ ಮೋಸ ಅಂದರೆ 'ಇದಾದ ಮೇಲೆ ಅದು' ಎನ್ನುವುದನ್ನು 'ಇದರಿಂದ ಅದು' ಅನ್ನಿಸುವುದು. 1854ರ ಲಂಡನ್ ಕಾಲರಾ ಇದಕ್ಕೆ ಒಳ್ಳೆ ಉದಾಹರಣೆ. ಸೋಹೋ ಬಡಾವಣೆಯ ಬ್ರಾಡ್ ಸ್ಟ್ರೀಟ್, ಅಲ್ಲಿನ ಪಂಪಿನ ನೀರಿನಿಂದಲೇ ರೋಗ ಹರಡುತ್ತಿದೆ ಅಂದ ಡಾಕ್ಟರ್ ಜಾನ್ ಸ್ನೋ, ಸತ್ತವರ ಮನೆ ಗುರುತು ಮಾಡಿದ ನಕ್ಷೆ, ಕೊನೆಗೆ ಬೀದಿ ಪಂಪಿನ ಹಿಡಿಕೆ ಬಿಚ್ಚಿದ್ದು. ತೆರೆಯ ಮೇಲೆ ಇದನ್ನು ತೋರಿಸುವಾಗ ಹಿಡಿಕೆ ಬಿಚ್ಚುವ ಶಾಟ್ ಆದ ತಕ್ಷಣ ಬೀದಿ ಶಾಂತವಾಗಿಬಿಡುತ್ತದೆ. ನಡೆದದ್ದು ಹಾಗಲ್ಲ. ಹಿಡಿಕೆ ಬಿಚ್ಚಿದ್ದು ಸೆಪ್ಟೆಂಬರ್ 8ರಂದು. ಅಷ್ಟರಲ್ಲಿ ಹೊಸ ಕೇಸುಗಳು ಆಗಲೇ ಇಳಿಮುಖವಾಗಿದ್ದವು, ಬಹಳ ಜನ ಆ ಬಡಾವಣೆ ಬಿಟ್ಟು ಹೋಗಿದ್ದರು. ಇದನ್ನು ಸ್ವತಃ ಸ್ನೋ ಅವರೇ ಬರೆದಿದ್ದಾರೆ. ನೀರಿನಿಂದಲೇ ಕಾಲರಾ ಹರಡಿತು ಅನ್ನುವ ಅವರ ವಾದ ಸರಿಯೇ, ಅದಕ್ಕೆ ಆಧಾರ ಬೇರೆ ಕಡೆ ಗಟ್ಟಿಯಾಗಿದೆ. ಆದರೆ ಹಿಡಿಕೆ ನೋಡೋಕೆ ಚೆನ್ನಾಗಿದೆ, ಅದಕ್ಕೇ ಅದು ಹೀರೋ ಆಯಿತು. ಇದರಲ್ಲಿ ಕೈಬಿಟ್ಟು ಹೋಗುವವರು ಹೆನ್ರಿ ವೈಟ್‌ಹೆಡ್ ಎಂಬ ಪಾದ್ರಿ. ಸ್ನೋ ಹೇಳಿದ್ದು ತಪ್ಪು ಅಂತ ತೋರಿಸಲು ಮನೆ ಮನೆ ತಿರುಗಿ, ಕೊನೆಗೆ ಪಂಪಿನ ಪಕ್ಕದ ಮನೆಯಲ್ಲೇ ಮೊದಲು ಕಾಯಿಲೆ ಬಿದ್ದ ಕೂಸಿನ ವಿಷಯ ಪತ್ತೆಹಚ್ಚಿ ಸ್ನೋ ಅವರ ಮಾತಿಗೇ ಬಲ ಕೊಟ್ಟವರು. ಅವರನ್ನು ಸೇರಿಸಿದರೆ ಕಥೆ ಒಬ್ಬ ಒಂಟಿ ಮೇಧಾವಿಯದ್ದಾಗಿ ಉಳಿಯುವುದಿಲ್ಲ.

ಇದೇ ವರಸೆ ಎಬೋಲಾ ಚಿತ್ರಗಳಲ್ಲೂ ಬರುತ್ತದೆ, ಆದರೆ ಪಂಪಿನ ಜಾಗದಲ್ಲಿ ಲಸಿಕೆ ಇರುತ್ತದೆ. ಪಶ್ಚಿಮ ಆಫ್ರಿಕಾದಲ್ಲಿ 2014ರಲ್ಲಿ ಜಗತ್ತಿಗೆಲ್ಲ ಗೊತ್ತಾದ ಆ ಸೋಂಕು 2014ರ ಕೊನೆಯ ತಿಂಗಳುಗಳಲ್ಲಿ ತಾರಕಕ್ಕೇರಿ ಇಳಿಯತೊಡಗಿತ್ತು. ಗಿನಿಯಲ್ಲಿ ಲಸಿಕೆಯ ಪ್ರಯೋಗ ನಡೆದದ್ದು 2015ರಲ್ಲಿ. ಆ ಪ್ರಯೋಗ ನಿಜಕ್ಕೂ ದೊಡ್ಡ ಸಾಧನೆ, ಮುಂದಿನ ಸೋಂಕುಗಳಲ್ಲಿ ಅದು ಬಳಕೆಗೂ ಬಂತು. ಆದರೆ ಈ ಸೋಂಕನ್ನು ಇಳಿಸಿದ್ದು ಅದು ಅನ್ನುವ ಹಾಗೆ ಕೊನೆಯಲ್ಲಿ ಸೂಜಿ ಚುಚ್ಚುವ ಶಾಟ್ ಹಾಕಿ, ಮೇಲೆ ಪಿಟೀಲು ನುಡಿಸಿದರೆ ನಾನು ಒಪ್ಪುವುದಿಲ್ಲ.

ಇನ್ನೊಂದು, ಕಥೆ ಎಲ್ಲಿಂದ ಶುರು ಮಾಡುತ್ತೀರಿ ಅನ್ನುವುದು. ಎಬೋಲಾ ಅಂದ ಕೂಡಲೇ ಶುರುವಿಗೆ ದಟ್ಟ ಕಾಡಿನ ಡ್ರೋನ್ ಶಾಟ್ ಬರಲೇಬೇಕು ಅಂತ ಯಾರೋ ಕಾನೂನು ಮಾಡಿದ ಹಾಗಿದೆ. ಆದರೆ 1976ರಲ್ಲಿ ಆಗಿನ ಜೈರ್‌ನ (ಇಂದಿನ ಡಿ.ಆರ್. ಕಾಂಗೋ) ಯಾಂಬುಕುವಿನಲ್ಲಿ ಏನಾಯಿತು ನೋಡಿ. ಅಲ್ಲಿನ ಮಿಷನ್ ಆಸ್ಪತ್ರೆಯಲ್ಲಿ ಬೆಳಗ್ಗೆ ನರ್ಸ್‌ಗಳಿಗೆ ಐದು ಸಿರಿಂಜ್, ಐದು ಸೂಜಿ ಕೊಡುತ್ತಿದ್ದರು. ಇಡೀ ದಿನದ ಹೊರರೋಗಿಗಳು, ವಾರ್ಡು, ಹೆರಿಗೆ ವಿಭಾಗ ಎಲ್ಲಕ್ಕೂ ಅಷ್ಟೇ. ಒಬ್ಬರಿಗೆ ಚುಚ್ಚಿ, ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಜಾಲಾಡಿ, ಇನ್ನೊಬ್ಬರಿಗೆ ಚುಚ್ಚುವುದು. ಒಟ್ಟು 318 ಕೇಸುಗಳಲ್ಲಿ 280 ಜನ ತೀರಿಕೊಂಡರು, ಅವರಲ್ಲಿ ಬಹಳ ಜನರಿಗೆ ಸೋಂಕು ತಗುಲಿದ್ದು ಈ ಸೂಜಿಗಳಿಂದ. ಕಾಡಿನಿಂದ ಶುರು ಮಾಡಿದರೆ ಅದು ಪ್ರಕೃತಿಯ ಭೀಕರತೆಯ ಕಥೆ. ನೀರಿನ ಪಾತ್ರೆಯಿಂದ ಶುರು ಮಾಡಿದರೆ ಬಡ ಆಸ್ಪತ್ರೆಯೊಂದರಲ್ಲಿ ಸೂಜಿಗೆ ದುಡ್ಡಿರಲಿಲ್ಲ ಅನ್ನುವ ಕಥೆ. ಎರಡರಲ್ಲೂ ಹೇಳುವ ಸಾಲುಗಳು ಅವೇ ಇರಬಹುದು, ಮೊದಲ ನಿಮಿಷ ಮಾತ್ರ ಬೇರೆ.

ಖಳನಾಯಕನ ಹುಡುಕಾಟ ಇನ್ನೂ ಅಪಾಯದ್ದು. ಅಮೆರಿಕದಲ್ಲಿ ಏಡ್ಸ್ ಹರಡಿದ್ದಕ್ಕೆ ಕೆನಡಾದ ಒಬ್ಬ ವಿಮಾನ ಸಿಬ್ಬಂದಿಯೇ ಮೂಲ ಅಂತ ದಶಕಗಳ ಕಾಲ ಜನ ನಂಬಿದ್ದರು. 1984ರ ಒಂದು ಅಧ್ಯಯನದಲ್ಲಿ 40 ರೋಗಿಗಳ ಸಂಬಂಧ ತೋರಿಸುವ ಚಿತ್ರವಿತ್ತು, ಅದರ ನಡುವಿನ ವೃತ್ತ ಆತನದ್ದು. ಅಲ್ಲಿ ಎಲ್ಲರಿಗಿಂತ ಮೊದಲು ಸೋಂಕು ತಂದವನು ಅಂತ ಬರೆದಿರಲಿಲ್ಲ. ಆದರೆ ನಡುವೆ ಒಂದು ಚುಕ್ಕಿ, ಸುತ್ತ ಗೆರೆಗಳು, ನೋಡಿದವರಿಗೆ ಇನ್ನೇನು ಅನ್ನಿಸಬೇಕು? 2016ರಲ್ಲಿ ಹಳೆಯ ರಕ್ತದ ಮಾದರಿಗಳಿಂದ ವೈರಸ್‌ನ ವಂಶವೃಕ್ಷ ಬರೆದಾಗ, ಅದು ನ್ಯೂಯಾರ್ಕ್‌ಗೆ ಕೆರಿಬಿಯನ್ ಕಡೆಯಿಂದ 1970ರ ಆಸುಪಾಸಿನಲ್ಲೇ ಬಂದಿತ್ತು, ಆತನ ವೈರಸ್ ಬೇರಿನಲ್ಲಿ ಇರಲೇ ಇಲ್ಲ ಅಂತ ಗೊತ್ತಾಯಿತು. ಅಷ್ಟರಲ್ಲಿ ಆತ ಸತ್ತು ಮೂರು ದಶಕ ಕಳೆದಿತ್ತು. ಅಂದಿನಿಂದ, ಗ್ರಾಫಿಕ್ಸ್ ತಂಡದವರು ಒಬ್ಬರನ್ನು ನಡುವೆ ಕೂರಿಸಿ ಸುತ್ತ ಕೆಂಪು ಗೆರೆ ಎಳೆದರೆ ಸಾಕು, ನನ್ನ ಪೆನ್ನು ಮೇಲೇಳುತ್ತದೆ.

ಅಂಕಿಗಳ ವಿಷಯ ಬೇಗ ಹೇಳಿಬಿಡುತ್ತೇನೆ, ಇದು ಬಹಳ ಜನಕ್ಕೆ ಗೊತ್ತಿರುವುದೇ. ಒಟ್ಟು ಕೇಸುಗಳ ಗ್ರಾಫ್ ಯಾವತ್ತೂ ಕೆಳಗೆ ಬರುವುದಿಲ್ಲ, ಸೋಂಕು ಮುಗಿಯುತ್ತಿದ್ದರೂ ಅದು ಮೇಲೆಯೇ ನೋಡುತ್ತಿರುತ್ತದೆ. ದಿನದ ಹೊಸ ಕೇಸುಗಳ ಗ್ರಾಫ್ ಕೇಳಿ. "ಶೇಕಡಾ 90ರವರೆಗೆ ಸಾವು" ಅಂದರೆ "ವರೆಗೆ" ಅನ್ನುವುದು ಯಾರ ಕಿವಿಗೂ ಬೀಳುವುದಿಲ್ಲ. ಎಬೋಲಾದಲ್ಲಿ ಬೇರೆ ಬೇರೆ ಸಲ ಶೇಕಡಾ 25ರಿಂದ 90ರವರೆಗೆ ಆಗಿದೆ, ಸರಾಸರಿ ಸುಮಾರು 50 ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಒಂದು ಅಂಕಿ ಮಾತ್ರ ಸ್ವಲ್ಪ ನಿಂತು ನೋಡಬೇಕಾದದ್ದು. 2014ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಲೈಬೀರಿಯಾ ಮತ್ತು ಸಿಯೆರಾ ಲಿಯೋನ್‌ನಲ್ಲಿ 2015ರ ಜನವರಿ 20ರ ಹೊತ್ತಿಗೆ, ಲೆಕ್ಕಕ್ಕೆ ಸಿಗದವರನ್ನೂ ಸೇರಿಸಿದರೆ, 14 ಲಕ್ಷ ಕೇಸುಗಳಾಗಬಹುದು ಅಂದಿತು. ಆದರೆ ಅದು ಹೊಸದಾಗಿ ಏನೂ ಕ್ರಮ ತೆಗೆದುಕೊಳ್ಳದಿದ್ದರೆ, ಜನ ಏನೂ ಬದಲಾಗದಿದ್ದರೆ ಅನ್ನುವ ಷರತ್ತಿನ ಲೆಕ್ಕ. ಕೊನೆಗೆ ಗಿನಿಯೂ ಸೇರಿ ದಾಖಲಾದದ್ದು 28,600ಕ್ಕೆ ಸ್ವಲ್ಪ ಹೆಚ್ಚು, ಸಾವು 11,300ಕ್ಕೂ ಹೆಚ್ಚು. ಒಂದು ಚಿತ್ರ ಷರತ್ತನ್ನು ಕತ್ತರಿಸಿ 14 ಲಕ್ಷವನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಹಾಕಿದರೆ ಭಯ ಹುಟ್ಟುತ್ತದೆ. ಇನ್ನೊಂದು ಚಿತ್ರ ಅದೇ ಷರತ್ತನ್ನು ಕತ್ತರಿಸಿ "ನೋಡಿ, ತಜ್ಞರು ಎಷ್ಟು ಉತ್ಪ್ರೇಕ್ಷೆ ಮಾಡಿದರು" ಅನ್ನುತ್ತದೆ. ಒಂದೇ ಕಡೆ ಕತ್ತರಿ, ಎರಡು ಎದುರು ಬದುರು ವಾದ. ಭಯ ಹುಟ್ಟಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ಲೆಕ್ಕ ಮಾಡಿದ್ದೇ ಸರ್ಕಾರಗಳು ಎಚ್ಚರಾಗಲಿ ಅಂತ. ಷರತ್ತನ್ನು ಉಳಿಸಿಕೊಂಡು ಹೆದರಿಸಿ, ಅಷ್ಟೇ ನನ್ನ ತಕರಾರು.

ಬಣ್ಣದ ವಿಷಯವೂ ಇದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಬಣ್ಣವೇ ಕಾಣುವುದಿಲ್ಲ, ಬರೋದೆಲ್ಲ ಕಪ್ಪು ಬಿಳುಪು. ವೈರಸ್‌ಗೆ ಆ ರಕ್ತಗೆಂಪು ಬಳಿದದ್ದು ಯಾರೋ ಕಲಾವಿದರು. ಬಳಿಯಲಿ, ಬೇಡ ಅನ್ನೋಕಾಗಲ್ಲ. ಆದರೆ ಅದೇ ಕೆಂಪನ್ನು ನಕ್ಷೆಯಲ್ಲಿ ಒಂದು ದೇಶಕ್ಕೆ ಪೂರ್ತಿ ತುಂಬಿದಾಗ, ಅಲ್ಲಿನ ಒಂದು ಮೂಲೆಯಲ್ಲಿ ಮಾತ್ರ ರೋಗ ಇದ್ದರೂ, ಇಡೀ ದೇಶವೇ ವೈರಸ್ ಆಗಿ ಕಾಣುತ್ತದೆ ಅಲ್ವಾ?

ಯಾರ ಮಾತು ನಂಬಬೇಕು ಅನ್ನುವುದನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ, ಮಾತಾಡುವವರು ತೆರೆಯ ಮೇಲಿರುವಾಗ ಕೆಳಗೆ ಬರುವ ಹೆಸರಿನ ಪಟ್ಟಿಯಲ್ಲಿ ಹೇಳುತ್ತದೆ. ನಮ್ಮ ಭಾಷೆಯಲ್ಲಿ ಅದು ಆಸ್ಟನ್. ವಿದೇಶಿ ತಜ್ಞರಿಗೆ ಹೆಸರು, ಹುದ್ದೆ, ಹಿಂದೆ ಪುಸ್ತಕದ ಕಪಾಟು, ನಿಧಾನವಾದ ಬೈಟ್ (ಮಾತಿನ ತುಣುಕು). ಸ್ಥಳೀಯ ನರ್ಸ್‌ಗೆ "ಆರೋಗ್ಯ ಕಾರ್ಯಕರ್ತೆ" ಅಂತ ಮಾತ್ರ, ಎರಡು ಸೆಕೆಂಡ್. ಸತ್ತವರ ಮನೆಯವರಿಗೆ ಅದೂ ಇಲ್ಲ, ಅವರಿಗೆ ಬರೀ ಕಣ್ಣೀರಿನ ಕ್ಲೋಸಪ್. ಒಂದು ಪಟ್ಟಿ ಮಾಡಿ ನೋಡಿ: ಯಾರು ಕಾರಣ ಹೇಳುತ್ತಾರೆ, ಯಾರು ಅಳುತ್ತಾರೆ. ಅಪರೂಪಕ್ಕೂ ಒಬ್ಬರೇ ಎರಡೂ ಮಾಡುವುದು ಕಾಣದಿದ್ದರೆ, ಹೆಸರು ಮರೆಮಾಚಬೇಕಾದ ಖಾಸಗಿ ಕಾರಣ ಇದೆಯಾ ಅಂತ ಕೇಳುತ್ತೇನೆ. ಇದ್ದರೆ ಸರಿ. ಇಲ್ಲದಿದ್ದರೆ ನರ್ಸ್‌ಗೂ ಆಸ್ಟನ್ ಹಾಕಿ, ಅವರು ವಾರ್ಡಿನಲ್ಲಿ ಕಂಡದ್ದನ್ನು ಹೇಳುವ ಬೈಟ್ ಉಳಿಸಿ ಅಂತ ಬರೆಯುತ್ತೇನೆ.

ಇಂಥ ಟಿಪ್ಪಣಿ ಬರೆಯುವಾಗ ಒಂದು ಅಭ್ಯಾಸ ಬಹಳ ಕೆಲಸಕ್ಕೆ ಬಂದಿದೆ. "ಇದು ದಾರಿ ತಪ್ಪಿಸುತ್ತದೆ" ಅಂತ ಸುಮ್ನೆ ಬರೆದರೆ ಎಡಿಟರ್‌ಗಳು ಜಗಳಕ್ಕೆ ಬರುತ್ತಾರೆ, ಬರಲೇಬೇಕು ಕೂಡ. ಅದರ ಬದಲು ಟೈಮ್‌ಕೋಡ್ ಹಾಕಿ, ಈ ಎರಡು ಶಾಟ್ ಸೇರಿ ನೋಡುವವರಿಗೆ ಏನು ಹೇಳುತ್ತವೆ ಅಂತ ಒಂದು ಪೂರ್ತಿ ವಾಕ್ಯ ಬರೆಯುತ್ತೇನೆ. "ಈ ಮಾರುಕಟ್ಟೆಯಿಂದ ಈ ಮಗುವಿಗೆ ರೋಗ ಬಂತು." ಆಮೇಲೆ ಕೇಳುತ್ತೇನೆ, ಈ ವಾಕ್ಯವನ್ನು ವಾಯ್ಸ್ ಓವರ್‌ನಲ್ಲಿ ಓದಿಸೋಕೆ ನೀವು ತಯಾರಾ? ಆಧಾರ ಇದ್ದರೆ ಓದಿಸಿ, ಕಟ್ ಇರಲಿ. ಇಲ್ಲದಿದ್ದರೆ ಕಟ್ ಬೇಡ. ಮೇಡಂ ಅದನ್ನು ಓದಿ ನಕ್ಕರು, ಆಮೇಲೆ ಮಾರುಕಟ್ಟೆ ತೆಗೆದು ಆ ಸಾಲಿನ ಮೇಲೆ ಪ್ರಯೋಗಾಲಯದ ಶಾಟ್ ಹಾಕಿದರು.

ಅದೇ ಚಿತ್ರದಲ್ಲಿ ನಮ್ಮಿಬ್ಬರಿಗೂ ಇನ್ನೂ ಬಗೆಹರಿಯದ ಒಂದು ಜಗಳ ಇದೆ. ಎಬೋಲಾದಂಥ ಸೋಂಕನ್ನು ನಿಲ್ಲಿಸುವ ಮುಖ್ಯ ಕೆಲಸ ಎಂದರೆ ರೋಗಿಯ ಸಂಪರ್ಕಕ್ಕೆ ಬಂದವರ ಮನೆಗೆ 21 ದಿನ ಹೋಗಿ, ಜ್ವರ ಇದೆಯಾ ಅಂತ ನೋಡುವುದು. ಜೊತೆಗೆ ಸುರಕ್ಷಿತವಾಗಿ ಶವಸಂಸ್ಕಾರ ಮಾಡುವುದು. ಕೊನೆಯ ರೋಗಿ ಗುಣವಾಗಿ ಅಥವಾ ತೀರಿಕೊಂಡು 42 ದಿನ ಹೊಸ ಕೇಸ್ ಬರದಿದ್ದರೆ ಮಾತ್ರ ಮುಗೀತು ಅಂತ ಘೋಷಿಸುತ್ತಾರೆ. ಇದನ್ನು ತೋರಿಸಿದರೆ ಜನ ಚಾನೆಲ್ ಬದಲಾಯಿಸುತ್ತಾರೆ ಅನ್ನುವುದು ಅವರ ವಾದ. ಬಾಗಿಲು ಬಡಿಯುವುದು, ಥರ್ಮಾಮೀಟರ್ ನೋಡುವುದು, ಬರೆದುಕೊಳ್ಳುವುದು, ಪಕ್ಕದ ಮನೆಗೆ ಹೋಗುವುದು, ಇದರಲ್ಲಿ ಡ್ರಾಮಾ ಎಲ್ಲಿದೆ ಸರ್ ಅಂತಾರೆ. ಮೂರು ಬಾಗಿಲಾದರೂ ಇರಲಿ ಅಂತ ನಾನು ಕೇಳಿದ್ದೇನೆ. ಅವರು ಒಂದಕ್ಕೆ ಒಪ್ಪಿದ್ದಾರೆ, ಎರಡನೆಯದರ ಮಾತುಕತೆ ನಡೀತಾ ಇದೆ.