ಉಬ್ಬರಕ್ಕೆ ತಾನೇ ಮುಚ್ಚಿಕೊಳ್ಳುವ ಬಾಗಿಲು

ನನ್ನ ಸೋದರಮಾವ ಗೋವಾದ ವಾಸ್ಕೋಗೆ ಬಂದು ಮೂವತ್ತು ವರ್ಷವಾಯಿತು. ಆದರೂ ಊರು ಯಾವುದು ಅಂದರೆ ಕುಮಟಾ ಅಂತಲೇ ಹೇಳುತ್ತಾರೆ. ಈ ಸಲ ಚೌತಿ ಮುಗಿಸಿ ಅವರ ಮನೆಗೆ ಹೋದಾಗ ಬೀಚಿನ ಮಾತೇ ಎತ್ತಲಿಲ್ಲ. "ಬೀಚ್ ನಮ್ಮ ಊರಲ್ಲೂ ಉಂಟಲ್ಲ ಮಾರಾಯ, ಬಾ, ಗಜನಿ ಗದ್ದೆ ತೋರಿಸ್ತೆ" ಅಂದರು. ಗಜನಿ ಅಂದರೆ ನಮ್ಮ ಕಡೆ ಹೊಳೆದಡದಲ್ಲಿ ಉಪ್ಪುನೀರಿಗೆ ಕಟ್ಟ ಹಾಕಿ ಮಾಡಿದ ತಗ್ಗು ಗದ್ದೆ. ಗೋವಾದಲ್ಲಿ ಎಂಥ ಗಜನಿ ಅಂದುಕೊಂಡು ಸ್ಕೂಟರ್ ಹಿಂದೆ ಕೂತೆ.

ಹಳೇ ಗೋವಾದಲ್ಲಿ ಫೆರಿ ಹತ್ತಿ ಮಾಂಡೋವಿ ದಾಟಿದರೆ ದಿವಾರ್ ದ್ವೀಪ. ಇಳಿದ ಕೂಡಲೇ ರಸ್ತೆಯ ಎರಡೂ ಕಡೆ ಗದ್ದೆ, ನಡುವೆ ನೀರಿನ ಕಾಲುವೆ, ಮಣ್ಣಿನ ಕಟ್ಟ. ಥೇಟ್ ನಮ್ಮ ಕುಮಟಾದ ಅಘನಾಶಿನಿ ಹೊಳೆಯ ದಡ! ಇಲ್ಲಿ ಇದಕ್ಕೆ ಖಾಜನ್ ಅಂತಾರೆ. ಉಬ್ಬರದ ಹೊತ್ತಿಗೆ ಹೊರಗಿನ ನೀರು ಗದ್ದೆಗಿಂತ ಎತ್ತರದಲ್ಲಿರುತ್ತದೆ, ತಡೆಯುವುದು ಮಣ್ಣು, ಹುಲ್ಲು, ಚಿರೆಕಲ್ಲು ಸೇರಿಸಿ ಕಟ್ಟಿದ ಆ ಕಟ್ಟ ಮಾತ್ರ.

ಕಟ್ಟದಲ್ಲಿ ಒಂದು ಕಡೆ ಮರದ ಬಾಗಿಲು. ಹೆಸರು ಮಾನಸ್. ಉಬ್ಬರ ಬಂದಾಗ ಹೊರಗಿನ ನೀರು ದೂಡಿ ಅದು ಮುಚ್ಚಿಕೊಳ್ಳುತ್ತದೆ, ಇಳಿತಕ್ಕೆ ಒಳಗಿನ ನೀರು ದೂಡಿ ತೆರೆಯುತ್ತದೆ. ಕರೆಂಟಿಲ್ಲ, ಮೋಟರಿಲ್ಲ. ಅದು ಮುಚ್ಚುವುದನ್ನು ನೋಡಲು ನಾವು ಸುಮ್ನೆ ಒಂದು ಗಂಟೆ ಕಟ್ಟದ ಮೇಲೆ ಕೂತೆವು. ಸೊಳ್ಳೆ ಜಾಸ್ತಿ, ಹೇಳಿಬಿಡುತ್ತೇನೆ.

ಅಲ್ಲಿ ಹುಲ್ಲು ಕೊಯ್ಯುತ್ತಿದ್ದ ಅಜ್ಜಿಯೊಬ್ಬರ ಜೊತೆ ಮಾವ ಕೊಂಕಣಿಯಲ್ಲಿ ಮಾತಿಗಿಳಿದರು. ಬೆಳೆಯುವುದು ಕೊರ್ಗುಟ್, ಉಪ್ಪು ತಡೆಯುವ ಭತ್ತ, ನಮ್ಮ ಕಗ್ಗದ ಹಾಗೆ. ಆದರೆ ಆ ಭತ್ತಕ್ಕೂ ಮೊದಲ ಮಳೆ ಮಣ್ಣಿನ ಉಪ್ಪು ತೊಳೆದುಕೊಡಬೇಕು. ಮಳೆ ತಡವಾದರೆ ಬಿತ್ತನೆಯೂ ತಡ. ಅಮಾವಾಸ್ಯೆ, ಹುಣ್ಣಿಮೆಯ ಉಬ್ಬರ ಈಗ ಕಟ್ಟದ ತಲೆ ಮುಟ್ಟುತ್ತದಂತೆ, ತಾನು ಮದುವೆಯಾಗಿ ಬಂದಾಗ ಹಾಗಿರಲಿಲ್ಲ ಅಂದರು.

ಸಮುದ್ರ ಏರುತ್ತಿರುವುದು ನಿಜ, ಆದರೆ ಎಲ್ಲವನ್ನೂ ಅದರ ತಲೆಗೆ ಕಟ್ಟಲು ಅಜ್ಜಿ ಒಪ್ಪಲಿಲ್ಲ. ಏಡಿ ಕಟ್ಟದಲ್ಲಿ ತೂತು ಕೊರೆಯುತ್ತದೆ, ಅದಿರಿನ ಬಾರ್ಜ್ ಹೋದರೆ ಅಲೆ ಬಡಿಯುತ್ತದೆ, ಬಾಗಿಲ ಬಳಿ ಸಿಗಡಿ ಹಿಡಿಯುವವರು ಜಾಸ್ತಿ ಸಿಗಲಿ ಅಂತ ಉಪ್ಪುನೀರನ್ನು ಬೇಕಂತಲೇ ಒಳಗೆ ಬಿಡುತ್ತಾರೆ. ಹಿಂದೆ ಗಾಂವಕಾರಿ ವ್ಯವಸ್ಥೆಯಲ್ಲಿ ಊರಿಗೆ ಊರೇ ಕಟ್ಟ ನೋಡಿಕೊಳ್ಳುತ್ತಿತ್ತು. 1964ರ ಗೇಣಿ ಕಾಯ್ದೆಯ ನಂತರ ಆ ಕೆಲಸ ಗೇಣಿದಾರರ ಸಂಘಗಳಿಗೆ ಬಂತು. ಉಳುವವನಿಗೆ ಹಕ್ಕು ಸಿಕ್ಕಿದ್ದು ಒಳ್ಳೆಯದೇ, ಆದರೆ ಉಳುಮೆಯನ್ನೇ ಬಿಟ್ಟವನು ಕಟ್ಟಕ್ಕೆ ಮಣ್ಣು ಹಾಕಲು ಬರುತ್ತಾನಾ?

ಒಮ್ಮೆ ಕಟ್ಟ ಒಡೆದು ಉಪ್ಪುನೀರು ನಿಂತರೆ ಕಾಂಡ್ಲಾ ಗಿಡ, ಅಂದರೆ ಮ್ಯಾಂಗ್ರೋವ್, ಹುಟ್ಟುತ್ತದೆ. ಆಮೇಲೆ ಕಾನೂನು ಕಡಿಯಲು ಬಿಡುವುದಿಲ್ಲ. ದಡ ಕಾಯಲು ಕಾಂಡ್ಲಾ ಬೇಕು ಅಂತ ನಾನೂ ಊರಲ್ಲಿ ಭಾಷಣ ಬಿಗಿದವನೇ. ಅಜ್ಜಿ ತೋರಿಸಿದ ಹಸಿರು ಗುಂಪಿನ ಜಾಗ ಅವರ ಮೈದುನನ ಗದ್ದೆಯಂತೆ. ಸುಮ್ಮನಾದೆ.

ಅಷ್ಟರಲ್ಲಿ ಬಾಗಿಲು ನಿಧಾನಕ್ಕೆ ತಿರುಗಿ, ಟಪ್ ಅಂತ ಕೂತಿತು. ಕೆಳಗಿನ ಹಲಗೆ ಒಂದು ಕಡೆ ಕೊಳೆತಿತ್ತು, ಗೋಣಿಚೀಲ ತುರುಕಿದ್ದರು. ಅಲ್ಲಿಂದ ನೀರು ಜಿನುಗುತ್ತಲೇ ಇತ್ತು.

ಹೊರಡುವಾಗ ಅಜ್ಜಿ, ನಿಮ್ಮ ಕಡೆಯ ಕಗ್ಗದ ಬೀಜ ಒಂದು ಸೇರು ತಂದುಕೊಡ್ತೀರಾ ಅಂತ ಕೇಳಿದರು. ಮಾವ ಧಾರಾಳವಾಗಿ ಹ್ಞೂಂ ಅಂದರು. ಫೆರಿ ಹತ್ತಿದ ಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿ, "ನಮ್ಮ ಗದ್ದೆ ಸಿಗಡಿ ಕೆರೆಯಾಗಿ ಎಷ್ಟು ವರ್ಷ ಆಯ್ತೋ ಏನೋ. ಕುಮಟಾ ಕಡೆ ಮಾಣಿಕಟ್ಟಾದಲ್ಲಿ ಯಾರಾದ್ರೂ ಕಗ್ಗ ಬೆಳೀತಾರಾ, ಫೋನ್ ಮಾಡಿ ಕೇಳು" ಅಂದರು.