ಗದ್ದಲದ ಕೆಲಸಕ್ಕೆ ಹೆಡ್‌ಫೋನ್: ಡಬ್ಬಿಯ ಮೇಲಿನ ಅಂಕಿಯನ್ನು ನಂಬಿ ಕೂರಬೇಡಿ

ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಹಾಕಿಕೊಂಡು ಗ್ರೈಂಡರ್ ಮುಂದೆ ನಿಲ್ಲುವವರಿದ್ದಾರೆ. ಆ ತಂತ್ರ ಹಿಡಿಯುವುದು ಫ್ಯಾನ್, ಇಂಜಿನ್‌ನಂಥ ಒಂದೇ ಸಮನೆ ಗುಂಯ್‌ಗುಡುವ ತಗ್ಗು ಸದ್ದನ್ನು. ಲೋಹ ಕೊಯ್ಯುವ ಕಿರ್ ಸದ್ದು, ಸುತ್ತಿಗೆಯ ಠಣ್ ಏಟು ಅದಕ್ಕೆ ಸಿಕ್ಕುವುದಿಲ್ಲ. ಬೇಕಾದದ್ದು ಕಿವಿರಕ್ಷಣೆಗೆಂದೇ ಪರೀಕ್ಷೆಯಾದ, ಇಡೀ ಕಿವಿ ಮುಚ್ಚುವ ಇಯರ್‌ಮಫ್. ಡಬ್ಬಿಯ ಮೇಲೆ ಎನ್‌ಆರ್‌ಆರ್ ಅಥವಾ ಎಸ್‌ಎನ್‌ಆರ್ ಅಂಕಿ, ಅಂದರೆ ಎಷ್ಟು ಡೆಸಿಬೆಲ್ ಸದ್ದು ತಡೆಯುತ್ತದೆ ಎನ್ನುವ ಅಂಕಿ, ಇಲ್ಲದಿದ್ದರೆ ಅದು ಹಾಡು ಕೇಳುವ ಸಾಮಾನು, ಅಷ್ಟೇ.

ಮೊದಲು ಸದ್ದನ್ನು ಅಳೆಯಿರಿ. ಕೆಲಸಗಾರರ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ ಮಿತಿ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಹೊತ್ತು ಅರ್ಧಕ್ಕಿಳಿಯುತ್ತದೆ: 88ಕ್ಕೆ 4 ಗಂಟೆ, 94ಕ್ಕೆ 1 ಗಂಟೆ, 100ಕ್ಕೆ ಬರೀ 15 ನಿಮಿಷ.

ಎನ್‌ಆರ್‌ಆರ್ 25 ಎಂದಿದ್ದರೆ 25 ಪೂರ್ತಿ ಕಳೆಯಬೇಡಿ. ಅದು ಪ್ರಯೋಗಾಲಯದಲ್ಲಿ ನೆಟ್ಟಗೆ ಕೂರಿಸಿದಾಗ ಬಂದ ಅಂಕಿ. ಅದರಿಂದ 7 ಕಳೆದು, ಉಳಿದದ್ದನ್ನು ಅರ್ಧ ಮಾಡಿದರೆ 9 ಬರುತ್ತದೆ. ಅಂದರೆ 95 ಡೆಸಿಬೆಲ್ ಜಾಗದಲ್ಲಿ ಕಿವಿಗೆ ಸುಮಾರು 86 ತಲುಪುತ್ತದೆ ಎಂದುಕೊಳ್ಳಿ. ಇದು ಕಟ್ಟುನಿಟ್ಟಿನ ಲೆಕ್ಕವೇ, ಆದರೆ ಕಿವಿಯ ವಿಷಯದಲ್ಲಿ ಜಿಪುಣತನವೇ ಲೇಸು. ಹಾಗೆಂದು ಅತಿ ದೊಡ್ಡ ಅಂಕಿಯೂ ಬೇಡ. ಕಿವಿಯೊಳಗೆ 70ಕ್ಕಿಂತ ಕೆಳಗಿಳಿದರೆ ಫೋರ್ಕ್‌ಲಿಫ್ಟ್ ಹಾರನ್, ಪಕ್ಕದವರ ಕೂಗು ಯಾವುದೂ ಕೇಳದು. ಮಾತಾಡಲೆಂದು ಜನ ಮಫ್ ಎತ್ತುತ್ತಲೇ ಇರುತ್ತಾರೆ.

ಈ ಎತ್ತುವುದೇ ದೊಡ್ಡ ಪೆಟ್ಟು. 30 ಡೆಸಿಬೆಲ್ ತಡೆಯುವ ಮಫ್ಫನ್ನು 8 ಗಂಟೆಯಲ್ಲಿ ಬರೀ ಅರ್ಧ ಗಂಟೆ ತೆಗೆದಿಟ್ಟರೆ, ದಿನದ ಒಟ್ಟು ರಕ್ಷಣೆ ಸುಮಾರು 12ಕ್ಕೆ ಕುಸಿಯುತ್ತದೆ. ಹಾಗಾಗಿ ದಿನವಿಡೀ ಹಾಕಿಕೊಂಡಿರಬಲ್ಲ ಹಗುರ ಮಫ್ಫೇ, ಹೊರೆಯೆನಿಸುವ ದೊಡ್ಡ ಮಫ್‌ಗಿಂತ ಮೇಲು.

ಕೊಳ್ಳುವಾಗ ನಿಮ್ಮ ಕನ್ನಡಕ, ಹೆಲ್ಮೆಟ್ ಹಾಕಿಕೊಂಡೇ ಪರೀಕ್ಷಿಸಿ. ಕನ್ನಡಕದ ದಪ್ಪ ಕಾಲು ಮೆತ್ತೆಯಡಿ ಸಂದು ಬಿಡುತ್ತದೆ, ಸದ್ದು ಅಲ್ಲಿಂದಲೇ ನುಗ್ಗುತ್ತದೆ. ತೆಳ್ಳಗಿನ ಚಪ್ಪಟೆ ಕಾಲಿದ್ದರೆ ವಾಸಿ. ಕೂದಲು, ಟೋಪಿಯ ಅಂಚು ಮೆತ್ತೆಯಡಿ ಸಿಕ್ಕಿದರೂ ಅದೇ ಕಥೆ. ಬಿಗಿ ಎಂದು ಮಫ್‌ನ ತಲೆಪಟ್ಟಿಯನ್ನು ಹಿಗ್ಗಿಸಿದಿರೋ, ಅದರ ಹಿಡಿತ ಹೋಯಿತು.

ಹಾಡು ಬೇಕೇಬೇಕು ಎನ್ನುವವರು ಬ್ಲೂಟೂತ್ ಇರುವ ಇಯರ್‌ಮಫ್ ಕೊಳ್ಳಲಿ, ಆದರೆ ಒಳಗಿನ ಸ್ಪೀಕರ್‌ಗೆ 82 ಡೆಸಿಬೆಲ್ ಆಸುಪಾಸಿನ ಕಡಿವಾಣ ಇದೆಯೇ ನೋಡಲಿ. ಸುತ್ತಲಿನ ಮಾತನ್ನು ಮೈಕ್‌ನಿಂದ ಒಳಗೆ ಬಿಟ್ಟು ಜೋರು ಸದ್ದನ್ನು ತಡೆಯುವ ಬಗೆಯೂ ಉಂಟು; ಮಾತು ಹೆಚ್ಚಿರುವ ಕೆಲಸಕ್ಕೆ ಅದು ಒಳ್ಳೆಯದು.

100ಕ್ಕಿಂತ ಮೇಲಿನ ಸದ್ದಿಗೆ ಮಫ್ ಜತೆಗೆ ಕಿವಿಯೊಳಗೆ ಸೇರಿಸುವ ಫೋಮ್ ಪ್ಲಗ್ಗೂ ಇರಲಿ. ಎರಡರ ಅಂಕಿ ಕೂಡಿಸಬೇಡಿ, ಹೆಚ್ಚಿನದಕ್ಕೆ 5ರಷ್ಟು ಸೇರುತ್ತದೆ, ಅಷ್ಟೇ. ಪ್ಲಗ್ಗನ್ನು ಬತ್ತಿಯಂತೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ಸೇರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಿ. ಮುಂದಿನಿಂದ ನೋಡಿದವರಿಗೆ ಪ್ಲಗ್ ಎದ್ದು ಕಂಡರೆ, ಅದು ಒಳಗೆ ಹೋಗಿಲ್ಲ.

ಮೆತ್ತೆ ಗಟ್ಟಿಯಾಗಿ ಬಿರುಕು ಬಿಟ್ಟಾಗ ಮಫ್ ಎಸೆಯಬೇಕಿಲ್ಲ, ಮೆತ್ತೆ ಮಾತ್ರ ಬದಲಿಸಬಹುದು. ಬಿಡಿ ಮೆತ್ತೆ ಸಿಗದ ಮಾದರಿಯನ್ನು ಕೊಳ್ಳಲೇಬೇಡಿ.