222ಓ 223ಓ: ಆರು ವಾರದ ರೈಫಲ್ ಡೈರಿ

ಮೊದಲ ವಾರ

ಹೊಸ ರೈಫಲ್ ತಗೋಬೇಕು ಅಂತ ತೀರ್ಮಾನ ಮಾಡಿ ನಾಲ್ಕು ತಿಂಗಳಾಯಿತು. ಬೋಲ್ಟ್ ಆ್ಯಕ್ಷನ್ (ಪ್ರತಿ ಗುಂಡಿಗೂ ಕೈಯಲ್ಲಿ ಬೋಲ್ಟ್ ಎಳೆದು ತುಂಬುವಂಥದ್ದು) ಇರಬೇಕು, ನಳಿಗೆ ದಪ್ಪ ಇರಬೇಕು, ಮೇಲೆ ಒಂದು ಒಳ್ಳೆ ಸ್ಕೋಪ್ ಕೂರಬೇಕು. ಇಷ್ಟರಲ್ಲಿ ಗೊಂದಲವಿಲ್ಲ. ಕೆಲಸ ಏನು ಅನ್ನುವುದೂ ಗೊತ್ತು: ಮುಕ್ಕಾಲು ಪಾಲು ಕಾಗದದ ಗುರಿ, ಉಳಿದದ್ದು ಅನುಮತಿ ಇರುವ ಹೊಲಗಳಲ್ಲಿ ಬೆಳೆ ಹಾಳು ಮಾಡುವ ಸಣ್ಣ ಪ್ರಾಣಿಗಳು. ವಾರ್ಮಿಂಟ್ ಶೂಟಿಂಗ್ ಅಂತಾರಲ್ಲ, ಅದು. ನಾನು ಸಿಕ್ಕಿಹಾಕಿಕೊಂಡಿರುವುದು ಕಾರ್ಟ್ರಿಜ್ ವಿಷಯದಲ್ಲಿ, ಅಂದರೆ ಗುಂಡು, ಮದ್ದು, ಹಿತ್ತಾಳೆ ಕೇಸ್ ಎಲ್ಲ ಸೇರಿದ ತೋಟಾ. .222 ರೆಮಿಂಗ್ಟನ್ನೋ, .223 ರೆಮಿಂಗ್ಟನ್ನೋ?

ನಿಜ ಹೇಳಬೇಕೆಂದರೆ ಮನಸ್ಸು ಮೊದಲೇ 222 ಕಡೆ ವಾಲಿತ್ತು. ಅದರ ಕಥೆಯೇ ಹಾಗಿದೆ. 1950ರಲ್ಲಿ ರೆಮಿಂಗ್ಟನ್ ಕಂಪನಿಯ ಮೈಕ್ ವಾಕರ್ ಅದನ್ನು ರೂಪಿಸಿದರು. ಹಳೆಯ ಯಾವುದೋ ಕೇಸನ್ನು ಕತ್ತರಿಸಿ ಒತ್ತಿ ಮಾಡಿದ್ದಲ್ಲ, ಪೂರ್ತಿ ಹೊಸ ವಿನ್ಯಾಸ. ವಾಕರ್ ಸ್ವತಃ ಬೆಂಚ್‌ರೆಸ್ಟ್ ಶೂಟರ್, ಅಂದರೆ ರೈಫಲನ್ನು ಮೇಜಿನ ಮೇಲೆ ಒರಗಿಸಿಟ್ಟು ನಿಖರತೆಗಾಗಿ ಹೊಡೆಯುವವರು. ಮುಂದೆ ಸುಮಾರು ಇಪ್ಪತ್ತೈದು ವರ್ಷ ಬೆಂಚ್‌ರೆಸ್ಟ್ ಸ್ಪರ್ಧೆಗಳಲ್ಲಿ ಇದರದ್ದೇ ರಾಜ್ಯಭಾರ. 1970ರ ದಶಕದ ಮಧ್ಯದಲ್ಲಿ ಪಿಪಿಸಿ ಎಂಬ ಹೊಸ ಬೆಂಚ್‌ರೆಸ್ಟ್ ಕಾರ್ಟ್ರಿಜ್‌ಗಳು ಬಂದ ಮೇಲಷ್ಟೇ ಅದು ಸಿಂಹಾಸನದಿಂದ ಇಳಿದದ್ದು. ಅಡ್ಡಹೆಸರೂ ಚೆನ್ನಾಗಿದೆ, ಟ್ರಿಪಲ್ ಡ್ಯೂಸ್, ಅಂದರೆ ಮೂರು ಎರಡುಗಳು.

223 ಹುಟ್ಟಿದ್ದು ಸೈನ್ಯದ ಅಗತ್ಯಕ್ಕೆ. 1950ರ ದಶಕದ ಕೊನೆಯಲ್ಲಿ ಎಆರ್-15 ರೈಫಲ್‌ಗೆ ಇನ್ನೂ ಸ್ವಲ್ಪ ಜೋರಿನ ಕಾರ್ಟ್ರಿಜ್ ಬೇಕಾಯಿತು. 222ರ ಕೇಸನ್ನೇ ಉದ್ದ ಮಾಡಿದರು. ಅಂದರೆ ತಮ್ಮನಿದ್ದ ಹಾಗೆ. ಆದರೆ ಈಗ ಊರೆಲ್ಲ ಓಡಾಡುವುದು ತಮ್ಮನೇ, ಅಣ್ಣ ಮನೆಯಲ್ಲಿ ಕೂತಿದ್ದಾನೆ.

ಎರಡನೇ ವಾರ

ಎರಡು ಖಾಲಿ ಕೇಸ್ ಸಿಕ್ಕವು. ರಾತ್ರಿ ಊಟ ಆದ ಮೇಲೆ ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿದೆ. ದೂರದಿಂದ ನೋಡಿದರೆ ಒಂದೇ. ಕ್ಯಾಲಿಪರ್ ಹಿಡಿದರೆ 222 ಉದ್ದ 43.2 ಮಿ.ಮೀ., 223 ಉದ್ದ 44.7. ಒಂದೂವರೆ ಮಿ.ಮೀ. ವ್ಯತ್ಯಾಸ ಅಷ್ಟೇ. ಬುಡದ ಅಗಲ ಒಂದೇ, ಭುಜದ (ಕೇಸ್ ಕಿರಿದಾಗುವ ಇಳಿಜಾರಿನ) ಕೋನ ಎರಡಕ್ಕೂ 23 ಡಿಗ್ರಿ. ಗುಂಡಂತೂ ಎರಡಕ್ಕೂ ಅದೇ 0.224 ಇಂಚು! 222, 223 ಅನ್ನೋದೆಲ್ಲ ಸುಮ್ನೆ ಹೆಸರಿಗೆ.

ಆದರೆ ಕಣ್ಣು ಸ್ವಲ್ಪ ಹತ್ತಿರ ತಂದರೆ ವಿಷಯ ಬೇರೆ. 223ರ ಭುಜ ನಾಲ್ಕು ಮಿ.ಮೀ.ಗೂ ಜಾಸ್ತಿ ಮೇಲಿದೆ. ಮದ್ದಿಗೆ ಜಾಗ ಮಾಡಲು ಕತ್ತನ್ನು, ಅಂದರೆ ಗುಂಡನ್ನು ಹಿಡಿದಿಡುವ ಕಿರಿದಾದ ಭಾಗವನ್ನು, ತಿಂದುಹಾಕಿದ್ದಾರೆ. 222ರ ಕತ್ತು ಸುಮಾರು 8 ಮಿ.ಮೀ., 223ರದ್ದು ಬರೀ 5.2. ಗುಂಡಿನ ಅಗಲದಷ್ಟಾದರೂ ಕತ್ತು ಉದ್ದ ಇರಬೇಕು, ಆಗಲೇ ಗುಂಡು ನೆಟ್ಟಗೆ ಕೂರುತ್ತದೆ ಅಂತ ಹಳಬರ ಲೆಕ್ಕ. 223 ಆ ಲೆಕ್ಕದಲ್ಲಿ ಕೂದಲೆಳೆಯಷ್ಟು ಅಂತರದಿಂದ ಫೇಲು. ಅದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಯಿತು. ನೋಡು, ನನ್ನ 222 ಎಷ್ಟು ಲಕ್ಷಣವಾಗಿದೆ!

ವೇಗದ ಲೆಕ್ಕವನ್ನೂ ಬರೆದಿಟ್ಟುಕೊಂಡೆ. ಕಾರ್ಖಾನೆಯ 222 ಕಾರ್ಟ್ರಿಜ್ 50 ಗ್ರೇನ್ ಗುಂಡನ್ನು ಸೆಕೆಂಡಿಗೆ ಸುಮಾರು 3,140 ಅಡಿಯಲ್ಲಿ ಬಿಡುತ್ತದೆ. 223ರಲ್ಲಿ 55 ಗ್ರೇನ್ ಗುಂಡಿಗೆ 3,240. ಹದಿನೈದು ಗ್ರೇನ್ ಅಂದರೆ ಹೆಚ್ಚು ಕಮ್ಮಿ ಒಂದು ಗ್ರಾಂ. ಗ್ರಾಮಿನ ಮೂರನೇ ಒಂದು ಪಾಲು ತೂಕದ, ನೂರು ಅಡಿ ವೇಗದ ಜಗಳ ಇದು.

ಮೂರನೇ ವಾರ

ಹಿರಿಯ ಸ್ನೇಹಿತರೊಬ್ಬರು ತಮ್ಮ ಹಳೆಯ 222 ತಂದಿದ್ದರು. ಕ್ಲಬ್ಬಿನದೊಂದು 223 ಇತ್ತು. ಎರಡಕ್ಕೂ 100 ಮೀಟರಿನಲ್ಲಿ ಐದೈದು ಗುಂಡಿನ ಐದು ಗ್ರೂಪ್ (ಒಂದೇ ಗುರಿಗೆ ಹೊಡೆದ ತೂತುಗಳ ಗುಂಪು) ಹೊಡೆದೆ. ಅಳೆಯುವ ಕ್ರಮ ಮಾಮೂಲಿ: ಗ್ರೂಪಿನ ಆ ತುದಿಯಿಂದ ಈ ತುದಿಗೆ ಅಳೆದು, ಗುಂಡಿನ ಅಗಲ 5.7 ಮಿ.ಮೀ. ಕಳೆಯುವುದು. ಆ ದೂರದಲ್ಲಿ ಒಂದು ಮಿನಿಟ್ ಕೋನ (ಡಿಗ್ರಿಯ ಅರವತ್ತನೇ ಒಂದು ಪಾಲು) ಅಂದರೆ 29 ಮಿ.ಮೀ.

222: ಚಿಕ್ಕದು 16, ದೊಡ್ಡದು 31.
223: ಚಿಕ್ಕದು 18, ದೊಡ್ಡದು 30.

ಎರಡೂ ರೈಫಲ್‌ಗಳ ದೊಡ್ಡ ಗ್ರೂಪುಗಳಲ್ಲಿ ಹೊರಗೆ ಹಾರಿದ ಗುಂಡು ನನ್ನದೇ ತಪ್ಪು. ಟ್ರಿಗರ್ ಎಳೆದ ಕ್ಷಣದಲ್ಲೇ ಗೊತ್ತಾಗಿತ್ತು. ಅಲ್ಲಿಗೆ ಕತ್ತಿನ ಉದ್ದದ ವಾದ ನನ್ನ ಮಟ್ಟಿಗೆ ಮುಗಿಯಿತು. ಬೆಂಚ್‌ರೆಸ್ಟ್ ಚಾಂಪಿಯನ್‌ಗೆ ಆ ಮೂರು ಮಿ.ಮೀ. ಕತ್ತು ಕಾಣಬಹುದು. ನನಗೆ ಮೊದಲು ಕಾಣಬೇಕಾದ್ದು ನನ್ನ ತೋರುಬೆರಳು.

ಇನ್ನೊಂದು ವಿಷಯ. ಬರೆಯಲು ನಾಚಿಕೆ, ಆದರೂ ಬರೆದಿಡುತ್ತೇನೆ. ಎರಡೂ ರೈಫಲ್ ಒಂದೇ ಬೆಂಚಿನ ಮೇಲಿಟ್ಟಿದ್ದೆ. 223ಕ್ಕೆ ಮುಂದಿನ ಕಾರ್ಟ್ರಿಜ್ ಎತ್ತಿಕೊಂಡೆ. ಬೆರಳಿಗೆ ಏನೋ ಬೇರೆ ಅನ್ನಿಸಿತು, ಕತ್ತು ಸ್ವಲ್ಪ ಉದ್ದ. ತಿರುಗಿಸಿ ಬುಡ ನೋಡಿದರೆ 222! ಮೈ ಜುಮ್ಮೆಂದಿತು. 223ನ್ನು 222 ಚೇಂಬರಿಗೆ (ನಳಿಗೆಯಲ್ಲಿ ಕಾರ್ಟ್ರಿಜ್ ಕೂರುವ ಗೂಡಿಗೆ) ಹಾಕಿದರೆ ಬೋಲ್ಟ್ ಮುಚ್ಚುವುದಿಲ್ಲ, ಬಚಾವ್. ತಿರುವುಮುರುವಾದರೆ ಹಾಗಲ್ಲ. 222 ಗಿಡ್ಡ, ಒಳಗೆ ಇಳಿದುಬಿಡಬಹುದು. ಆಗ ಭುಜಕ್ಕೆ ಆಸರೆಯೇ ಇರುವುದಿಲ್ಲ. ಹೊಡೆದರೆ ಕೇಸ್ ಮುಂದಕ್ಕೆ ಉಬ್ಬಿ ಸೀಳಬಹುದು, ಬಿಸಿ ಗ್ಯಾಸ್ ಮುಖದ ಕಡೆಗೇ ಬರಬಹುದು. ಹಿರಿಯರು ಬೈಯಲಿಲ್ಲ. "ಅಲ್ಲಯ್ಯಾ, ಎರಡು ಹೆಂಡ್ತಿ ಒಂದೇ ಅಡುಗೆಮನೇಲಿ ಯಾಕೆ ಇಟ್ಟೆ?" ಅಂದರು, ಅಷ್ಟೇ. ಅವತ್ತಿನಿಂದ ಬೆಂಚಿನ ಮೇಲೆ ಒಂದು ರೈಫಲ್, ಒಂದು ಡಬ್ಬಿ. ಇನ್ನೊಂದರದ್ದು ಚೀಲದೊಳಗೆ, ಜಿಪ್ ಹಾಕಿ.

ನಾಲ್ಕನೇ ವಾರ

300 ಮೀಟರ್. ಅಡ್ಡಗಾಳಿ. ಇಲ್ಲಿಂದ ಕಥೆ ಬದಲಾಯಿತು.

222ರ 50 ಗ್ರೇನ್ ಗುಂಡು ಗಾಳಿಗೆ ಸಿಕ್ಕ ತರಗೆಲೆಯಂತೆ ಪಕ್ಕಕ್ಕೆ ಹೋಯಿತು. ಬಾವುಟ ಸ್ವಲ್ಪ ಎದ್ದಾಗ ಹೊಡೆದ ಗುಂಡಿಗೂ ಬಿದ್ದಾಗ ಹೊಡೆದ ಗುಂಡಿಗೂ ಒಂದು ಗೇಣು ಅಂತರ. 223ರ 55 ಗ್ರೇನ್ ಕೂಡ ಏನೂ ಸಾಚಾ ಅಲ್ಲ, ಹೆಚ್ಚು ಕಡಿಮೆ ಅಷ್ಟೇ ಓಡಿತು. ಇಂಥ ಕಡೆ ಬೇಕಾಗುವುದು ಉದ್ದನೆಯ, ಭಾರದ ಗುಂಡು. ಸರಿ, 69 ಗ್ರೇನ್ ಮ್ಯಾಚ್ (ಸ್ಪರ್ಧೆಗೆಂದೇ ಮಾಡಿದ) ಕಾರ್ಟ್ರಿಜ್ ಒಂದು ಡಬ್ಬಿ ಕೊಂಡಿದ್ದೆ. ಅದನ್ನು ಕ್ಲಬ್ಬಿನ 223ಗೆ ಹಾಕಿ ಮೊದಲು 100 ಮೀಟರಿನಲ್ಲೇ ಹೊಡೆದೆ.

ಗುರಿ ತರಿಸಿ ನೋಡಿದರೆ ನಗುವುದೋ ಅಳುವುದೋ ಗೊತ್ತಾಗಲಿಲ್ಲ. ಐದರಲ್ಲಿ ಮೂರು ತೂತು ಮೊಟ್ಟೆಯಾಕಾರ. ಒಂದಂತೂ ಗುಂಡಿನ ಪೂರ್ತಿ ಪಕ್ಕದ ಅಚ್ಚು, ಹಳೇ ಬೀಗದ ಕೀಲಿಕೈ ತೂತಿನ ಹಾಗೆ. ಗುಂಡು ಮಲಗಿಕೊಂಡೇ ಹೋಗಿ ಕಾಗದಕ್ಕೆ ಬಡಿದಿತ್ತು. ಗ್ರೂಪ್ ಅಳೆಯುವ ಪ್ರಶ್ನೆಯೇ ಇಲ್ಲ, ತಟ್ಟೆಯಷ್ಟು ಅಗಲ.

ಕಾರಣ ನಳಿಗೆಯ ಮೇಲೇ ಕೊರೆದಿತ್ತು: 1:12. ಒಳಗಿನ ಸುರುಳಿ ಗೆರೆ ಹನ್ನೆರಡು ಇಂಚಿಗೆ ಒಂದು ಸುತ್ತು, ಟ್ವಿಸ್ಟ್ ಅನ್ನುವುದು ಇದಕ್ಕೇ. ಬುಗುರಿ ನಿಧಾನವಾಗಿ ತಿರುಗಿದರೆ ಓಲಾಡಿ ಬೀಳುತ್ತದಲ್ಲ, ಹಾಗೇ ಗುಂಡೂ. ಉದ್ದ ಜಾಸ್ತಿ ಆದಷ್ಟೂ ಜೋರಾಗಿ ತಿರುಗಿಸಬೇಕು. ಇಲ್ಲಿ ತೂಕಕ್ಕಿಂತ ಉದ್ದವೇ ಮುಖ್ಯ. 69 ಗ್ರೇನ್ ಮ್ಯಾಚ್ ಗುಂಡಿಗೆ 1:10 ಇಲ್ಲವೇ ಅದಕ್ಕಿಂತ ಬಿಗಿಯಾದ ಟ್ವಿಸ್ಟ್ ಬೇಕು. ಈಗಿನ 223 ರೈಫಲ್‌ಗಳಲ್ಲಿ 1:9, 1:8, 1:7 ಎಲ್ಲ ಸಿಗುತ್ತವೆ. 222ರಲ್ಲಿ ಮೊದಲಿನಿಂದಲೂ 1:14 ಮಾಮೂಲಿ. ಆ ಕಾಲಕ್ಕೆ 50 ಗ್ರೇನ್ ಗುಂಡಿಗೆ ಅದು ಹೇಳಿ ಮಾಡಿಸಿದ ಹಾಗಿತ್ತು.

ಒಂದು ತಿಂಗಳು ನಾನು ಜಗಳ ಆಡಿದ್ದು ಹಿತ್ತಾಳೆ ಬಗ್ಗೆ. ಕೇಳಬೇಕಾಗಿದ್ದದ್ದು ನಳಿಗೆಯನ್ನು. ಟ್ವಿಸ್ಟ್ ನೋಡದೆ 223 ಅಂತ ಕೊಂಡಿದ್ದರೆ ನನಗೆ ಸಿಗುತ್ತಿದ್ದದ್ದು ಉದ್ದನೆಯ 222 ಅಷ್ಟೇ.

ಐದನೇ ವಾರ

ಹೊಲದ ಕೆಲಸದ ಲೆಕ್ಕ ಬೇಗ ಮುಗಿಯಿತು. 200 ಮೀಟರ್ ಒಳಗೆ, ಸಣ್ಣ ಪ್ರಾಣಿಗೆ, ತೆಳು ಜಾಕೆಟ್ಟಿನ (ಹೊರಗಿನ ಲೋಹದ ಹೊದಿಕೆಯ) 50 ಗ್ರೇನ್ ಗುಂಡು ಸಾಕೋ ಸಾಕು. ತಾಗಿದ ಕೂಡಲೇ ಒಡೆದು ಪುಡಿಯಾಗುತ್ತದೆ, ಪುಟಿದು ದೂರ ಹೋಗುವ ಭಯ ಕಡಿಮೆ. ಪ್ರಾಣಿಗೂ ನರಳಾಟವಿಲ್ಲ. ಇದರಲ್ಲಿ 222ಗೂ 223ಗೂ ಸಮ. 222ರ ಒತ್ತಡ ಸ್ವಲ್ಪ ಕಡಿಮೆ, 50,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮಿತಿ, 223ಕ್ಕೆ 55,000. ಶಬ್ದ, ಒದೆತ ಎರಡೂ 222ರಲ್ಲಿ ಕೂದಲಷ್ಟು ಸೌಮ್ಯ ಅನ್ನಿಸುತ್ತದೆ. ಒದ್ದರೂ ಸ್ಕೋಪಿನಲ್ಲಿ ಗುರಿ ಕಣ್ತಪ್ಪುವುದಿಲ್ಲ, ಗುಂಡು ಬಿದ್ದದ್ದು ಕಾಣುತ್ತದೆ. ಅದು ದೊಡ್ಡ ಸುಖ.

ಒಬ್ಬರು ಇನ್ನೊಂದು ಕಾರ್ಟ್ರಿಜ್ ಹೆಸರು ಹೇಳಿ, ".22-250 ತಗೊಂಡುಬಿಡಿ, ಎರಡನ್ನೂ ಮೀರಿಸುತ್ತೆ" ಅಂದರು. ಮೀರಿಸುತ್ತದೆ, ನಿಜ. ಮದ್ದೂ ಅಷ್ಟೇ ಮೀರಿ ತಿನ್ನುತ್ತದೆ. ಒಂದು ಬೆಳಗ್ಗೆ ಎಂಬತ್ತು ಗುಂಡು ಹೊಡೆಯುವ ನನ್ನಂಥವನಿಗೆ ನಳಿಗೆ ತಣ್ಣಗಾಗಲಿ ಅಂತ ಕಾಯುವುದೇ ಒಂದು ಕೆಲಸವಾಗುತ್ತದೆ. ಬೇಡ.

ಕೊನೆಗೆ ಕಾರ್ಟ್ರಿಜ್ ಸಿಗುವ ವಿಷಯ. 223 ಡಬ್ಬಿಗಳು ಸಾಲಾಗಿ ಇರುತ್ತವೆ: 40 ಗ್ರೇನಿನಿಂದ 77ರ ತನಕ. 222 ಕೇಳಿದರೆ ಅಂಗಡಿಯವರು ಒಳಗೆ ಹೋಗಿ ಹುಡುಕುತ್ತಾರೆ. ಸೈನ್ಯ ಬಳಸುವ ಕಾರ್ಟ್ರಿಜ್‌ಗಳನ್ನು ಜನಸಾಮಾನ್ಯರಿಗೆ ಕೊಡದ ದೇಶಗಳಲ್ಲಿ ಮಾತ್ರ 222 ಇನ್ನೂ ಠೀವಿಯಿಂದ ಇದೆ. ಅಂಥ ಕಡೆ ಇದ್ದಿದ್ದರೆ ನಾನು ಇಷ್ಟು ಬರೆಯುವ ಅಗತ್ಯವೇ ಇರಲಿಲ್ಲ.

ಆರನೇ ವಾರ

ರೈಫಲ್ ಬಂತು. 223, ದಪ್ಪ ನಳಿಗೆ, ಟ್ವಿಸ್ಟ್ 1:8. ಕಾಗದದ ಮೇಲೆ ಓದಿದ್ದನ್ನು ನಂಬದೆ ನಾನೇ ಅಳೆದೆ. ಕ್ಲೀನಿಂಗ್ ರಾಡಿಗೆ ಬಟ್ಟೆ ಬಿಗಿಯಾಗಿ ಸುತ್ತಿ ಒಳಗೆ ತಳ್ಳಿದೆ. ರಾಡಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿ, ಅದು ಒಂದು ಪೂರ್ತಿ ಸುತ್ತು ಬರುವವರೆಗೆ ಎಳೆದೆ. ಎಂಟು ಇಂಚು, ಕೂದಲಷ್ಟು ಆಚೀಚೆ.

ಮೊದಲ ಇಪ್ಪತ್ತು ಗುಂಡು ಸ್ಕೋಪ್ ಹೊಂದಿಸಲು ಹೋಯಿತು. ಆಮೇಲೆ ಅದೇ 69 ಗ್ರೇನ್ ಡಬ್ಬಿ, ಅದೇ 100 ಮೀಟರ್. ತೂತುಗಳೆಲ್ಲ ದುಂಡಗೆ, ಪಂಚ್ ಹೊಡೆದ ಹಾಗೆ. 19 ಮಿ.ಮೀ., 17, 24. 300ಕ್ಕೆ ಹೋದಾಗ ಗಾಳಿ ಇತ್ತು. ಗೇಣಿನ ಬದಲು ಮುಕ್ಕಾಲು ಗೇಣು ಓಡಿತು. ಪವಾಡ ಏನಲ್ಲ, ಆದರೆ ಗ್ರೂಪ್ ಅಂತ ಕರೆಯುವ ಹಾಗಿತ್ತು. 50 ಗ್ರೇನ್ ಗುಂಡೂ 1:8ರಲ್ಲಿ ಚೆನ್ನಾಗಿಯೇ ಕೂತಿತು, 22 ಮಿ.ಮೀ. ತೀರಾ ತೆಳು ಜಾಕೆಟ್ಟಿನ ಹಗುರ ಗುಂಡುಗಳು ಇಷ್ಟು ಬಿಗಿ ಟ್ವಿಸ್ಟಿನಲ್ಲಿ ಜೋರಾಗಿ ಹೋದರೆ ಗಾಳಿಯಲ್ಲೇ ಒಡೆಯುವುದುಂಟು. ಅದನ್ನು ಮುಂದೆ ನೋಡಬೇಕು.

222ನ್ನು ಎಣ್ಣೆ ಹಚ್ಚಿ ಒರೆಸಿ ಹಿರಿಯರಿಗೆ ವಾಪಸ್ ಕೊಟ್ಟೆ. ಅವರು ಬೋಲ್ಟ್ ಎಳೆದು ಚೇಂಬರ್ ಖಾಲಿ ಅಂತ ನೋಡಿಕೊಂಡು, "ಏನು, ಬಿಟ್ಟುಬಿಟ್ಟೆಯಾ ನಮ್ಮ ಹುಡುಗೀನ?" ಅಂದರು. ಬಿಟ್ಟಿಲ್ಲ. ಮುಂದಿನ ಭಾನುವಾರ ಗಾಳಿ ಇಲ್ಲದಿದ್ದರೆ ಬೆಳಗ್ಗೆ ಆರಕ್ಕೆ 100 ಮೀಟರಿನ ಬೆಂಚಿನಲ್ಲಿ ಅವರ 222, ನನ್ನ 223. ಐದೈದು ಗ್ರೂಪ್. ಸೋತವರ ಪಾಲಿಗೆ ಎರಡೂ ನಳಿಗೆ ತೊಳೆಯುವ ಕೆಲಸ.